ಎಳೆಯ ಕುರಿಮರಿಗಳ ಸಂರಕ್ಷಣೆ

ಹಿಂದೂಪುರ ಹಾಗೂ ಕಲ್ಯಾಣದುರ್ಗಗಳು ಬರಗಾಲವನ್ನು ಬಲ್ಲ ಸೀಮೆಗಳು. 2022ರಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಆದರೆ ಎರಡೂ ಕಡೆಗಳ ರೈತನ ಪಾಡು ಒಂದೇ. ಮಳೆಯನ್ನು ನಂಬಿ ಬಿತ್ತಿದ ಕಡಲೆಕಾಯಿ ಕೈಕೊಟ್ಟ ವರ್ಷ ಸಂಸಾರವನ್ನು ಸಾಗಿಸುವುದು ಕುರಿಮಂದೆ. ಹುಟ್ಟಿದ ಮರಿಗಳು ವಾರದೊಳಗೆ ಸತ್ತರೆ ಅದನ್ನು ಹಣೆಬರಹವೆಂದು ಸುಮ್ಮನಾಗುವವರುಂಟು. ಇಂಥ ಸಾವುಗಳಲ್ಲಿ ಹೆಚ್ಚಿನವು ತಡೆಯಬಹುದಾದಂಥವು.

ಮರಿಯ ಆರೈಕೆಯು ತಾಯಿಯ ಗರ್ಭದಲ್ಲಿಯೇ ಆರಂಭವಾಗಬೇಕು. ಕುರಿಯ ಗರ್ಭಾವಧಿ ಸುಮಾರು 150 ದಿನಗಳು. ಮರಿಯ ಬೆಳವಣಿಗೆಯ ಹೆಚ್ಚಿನ ಭಾಗ ಕೊನೆಯ ಆರು ವಾರಗಳಲ್ಲಿ ನಡೆಯುತ್ತದೆ. ಈ ಅವಧಿಯಲ್ಲಿ ಬಯಲಿನ ಮೇವೊಂದೇ ಸಾಲದು. ಬೂಷ್ಟು ಹಿಡಿಯದ ಕಡಲೆಬಳ್ಳಿ, ಹಿಂಡಿ, ನುಚ್ಚುಗಳನ್ನು ಕೊಡಬೇಕು. ಸೊರಗಿದ ತಾಯಿಗೆ ಹಗುರವಾದ ಮರಿ ಹುಟ್ಟುತ್ತದೆ, ಕೆಚ್ಚಲಲ್ಲಿ ಹಾಲೂ ಇರುವುದಿಲ್ಲ.

ಎರಡನೆಯದು ಗಿಣ್ಣುಹಾಲು. ಮನುಷ್ಯರ ಶಿಶುವಿಗೆ ಗರ್ಭದಲ್ಲಿಯೇ ತಾಯಿಯ ರಕ್ತದಿಂದ ರೋಗನಿರೋಧಕ ಅಂಶಗಳು ದೊರೆಯುತ್ತವೆ. ಕುರಿಮರಿಗೆ ಹಾಗಿಲ್ಲ, ಅದು ಅವನ್ನು ಗಿಣ್ಣುಹಾಲಿನಿಂದಲೇ ಪಡೆಯಬೇಕು. ಅವನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಗಂಟೆಗಂಟೆಗೂ ಕುಗ್ಗುತ್ತ 24 ಗಂಟೆಗಳೊಳಗೆ ಬಹುತೇಕ ಮುಗಿಯುತ್ತದೆ. ಆದ್ದರಿಂದ ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಮರಿಗೆ ಮೊಲೆಯೂಡಿಸಬೇಕು. ಮೂರು ಕಿಲೋ ತೂಕದ ಮರಿಗೆ ಒಂದು ಬಾರಿಗೆ ಸುಮಾರು 150 ಮಿಲಿಲೀಟರ್ ಬೇಕು. ಈದ ಕುರಿಯನ್ನು ಅಂದೇ ಮೇವಿಗೆ ಹೊಡೆಯದೆ ಮರಿಯೊಡನೆ ಬಿಡುವುದು ಲೇಸು. ತಾಯಿ ಸತ್ತರೆ ಆಗತಾನೆ ಈದ ಬೇರೊಂದು ಕುರಿಯ ಗಿಣ್ಣುಹಾಲನ್ನು ಕುಡಿಸಬೇಕು.

ಮೂರನೆಯದು ಶುಚಿತ್ವ. ಹಸಿಯಾದ ಹೊಕ್ಕುಳಬಳ್ಳಿಯೇ ರೋಗಾಣುಗಳ ಹೆಬ್ಬಾಗಿಲು. ಅದಕ್ಕೆ ಟಿಂಕ್ಚರ್ ಅಯೋಡಿನ್ ಹಚ್ಚಿದರೆ ಹೊಕ್ಕುಳ ಕೀವು, ಕೀಲುಬಾವುಗಳು ತಪ್ಪುತ್ತವೆ. ದೊಡ್ಡಿಯ ನೆಲ ಒಣಗಿರಬೇಕು. ಮಳೆ, ಚಳಿಗಾಳಿಗಳು ಮರಿಗೆ ತಾಗಬಾರದು. ಭೇದಿ ಕಂಡ ಮರಿಯನ್ನು ಬೇರ್ಪಡಿಸಿ ಪಶುವೈದ್ಯರಿಗೆ ತೋರಿಸಬೇಕು.

ನಾಲ್ಕನೆಯದು ಲಸಿಕೆ. ಮೊದಲ ಮಳೆಗೆ ಚಿಗುರಿದ ಎಳೆಹುಲ್ಲನ್ನೋ, ಕಟಾವಾದ ಹೊಲದ ಕಾಳನ್ನೋ ಹೊಟ್ಟೆ ಬಿರಿಯ ಮೇಯ್ದ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಮಂದೆಯಲ್ಲಿ ದಷ್ಟಪುಷ್ಟವಾದ ಮರಿಗಳೇ ಹಠಾತ್ತಾಗಿ ಸಾಯುತ್ತವೆ. ಚಿಕಿತ್ಸೆಗೆ ವೇಳೆಯೇ ಸಿಗುವುದಿಲ್ಲ. ಮಳೆಗಾಲಕ್ಕೆ ಮುನ್ನ ಹಾಕಿಸುವ ಲಸಿಕೆಯೇ ರಕ್ಷಣೆ. ಈಯುವುದಕ್ಕೆ ನಾಲ್ಕಾರು ವಾರ ಮೊದಲು ತಾಯಿಗೆ ಲಸಿಕೆ ಕೊಟ್ಟರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುತ್ತದೆ. ಜ್ವರ, ಮೂಗಿನ ಸಿಂಬಳ, ಬಾಯಿಹುಣ್ಣು, ಭೇದಿಗಳಿಂದ ಮಂದೆಯನ್ನೇ ಬರಿದುಮಾಡುವ ಪಿ.ಪಿ.ಆರ್. ರೋಗವು ಭಾರತದಲ್ಲಿ ಮೊದಲು ಪತ್ತೆಯಾದುದು 1987ರಲ್ಲಿ, ತಮಿಳುನಾಡಿನಲ್ಲಿ. 2030ರೊಳಗೆ ಅದನ್ನು ನಿರ್ಮೂಲ ಮಾಡುವುದು ಜಗತ್ತಿನ ರಾಷ್ಟ್ರಗಳ ಗುರಿ. ನಾಲ್ಕು ತಿಂಗಳು ತುಂಬಿದ ಮರಿಗೆ ಇದರ ಲಸಿಕೆಯನ್ನು ತಪ್ಪದೆ ಹಾಕಿಸಬೇಕು.

ಈ ಕ್ರಮಗಳಿಗೆ ತಗಲುವ ವೆಚ್ಚ ಒಂದು ಮರಿಯ ಬೆಲೆಯ ಅಲ್ಪಾಂಶ ಮಾತ್ರ. ಕುರಿ ಸಾಕಿದ ಮನೆಗಳಿಂದ ಬಂದು ಇಲ್ಲಿ ಅಕ್ಷರ ಕಲಿತ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳ ಕುರಿಗಾಹಿಗಳಿಗೆ ಈ ನಾಲ್ಕು ಮಾತುಗಳನ್ನು ತಿಳಿಸಿದರೆ ಅನೇಕ ಮಂದೆಗಳು ಉಳಿದಾವು.