ಸೆಟ್ ಬದಲಾಯಿಸು, ವೈರಿಗೆ ಕತ್ತರಿ ಹಾಕಿಸಬೇಡ

2014ರ ಸ್ವಿಫ್ಟ್ ತಗೊಂಡೆಯಂತೆ, ಸಂತೋಷ ಕಣೋ. ಕಂಪನಿ ಸ್ಟೀರಿಯೋ ತೆಗೆಸಿ ದೊಡ್ಡ ಸ್ಕ್ರೀನಿನ ಆಂಡ್ರಾಯ್ಡ್ ಸೆಟ್ ಹಾಕಿಸ್ತೀಯ ಅಂತ ನಿಮ್ಮಮ್ಮ ಹೇಳಿದಳು. ಅಷ್ಟರಲ್ಲಿ ಮಾಸ್ಕ್ ರೋಡಿನಲ್ಲಿ ಯಾರೋ ನಿನ್ನ ಜೊತೆಯವರು, “ಚಿಪ್ ಕೀ ಗಾಡಿ ಮಗಾ, ಸೆಟ್ ಬಿಚ್ಚಿದರೆ ಇಂಜಿನ್ ಲಾಕ್ ಆಗುತ್ತೆ” ಅಂತ ಹೆದರಿಸಿದ್ದಾರಂತೆ. ನಮ್ಮ ಪುಲಿಕೇಶಿನಗರದಲ್ಲಿ ಇಂಥ ಪಂಡಿತರಿಗೆ ಯಾವತ್ತೂ ಬರ ಬಂದಿಲ್ಲ, ಒಂದು ಸಮೋಸ ಮುಗಿಯೋದರೊಳಗೆ ಗಾಡಿಯ ಜಾತಕ ಹೇಳಿ ಮುಗಿಸ್ತಾರೆ.

ಲಾಕ್ ಆಗಲ್ಲ. ಇಂಜಿನ್ ತಡೆಯೋ ಇಮೊಬಿಲೈಜರ್ ಇರೋದೇ ಬೇರೆ ಕಡೆ. ನಿನ್ನ ಕೀಯ ಕಪ್ಪು ತಲೆಯೊಳಗೆ ಒಂದು ಪುಟ್ಟ ಚಿಪ್ ಇದೆ, ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕೀ ತೂತಿನ ಸುತ್ತ ತಾಮ್ರದ ತಂತಿ ಸುತ್ತಿದ ಒಂದು ಬಳೆ ಇರುತ್ತೆ. ಕೀ ತಿರುಗಿಸಿದ ತಕ್ಷಣ ಆ ಬಳೆ ಚಿಪ್ಪಿಗೆ ಜೀವ ಕೊಡುತ್ತೆ, ಚಿಪ್ಪು ತನ್ನ ಗುರುತು ಹೇಳುತ್ತೆ, ಇಂಜಿನ್ನಿನ ಕಂಪ್ಯೂಟರು ಒಪ್ಪಿದರೆ ಗಾಡಿ ಓಡುತ್ತೆ. ಮಾರುತಿಯವರು ಇದಕ್ಕೆ ಐಕ್ಯಾಟ್ಸ್ ಅಂತ ಹೆಸರಿಟ್ಟಿದ್ದರು. ಈ ಮಾತುಕತೆಯಲ್ಲಿ ಸ್ಟೀರಿಯೋಗೆ ಪಾತ್ರವೇ ಇಲ್ಲ. ಬ್ಯಾಟರಿ ಕಳಚಿದರೂ ಕೀಯ ಗುರುತು ಅಳಿಸಿಹೋಗಲ್ಲ. ಗಡಿಯಾರ ಒಂದು ತಪ್ಪು ಟೈಮ್ ತೋರಿಸಬಹುದು, ಅಷ್ಟೇ.

ಹಾಗಾದರೆ ಈ ಹೆದರಿಕೆ ಎಲ್ಲಿಂದ ಹುಟ್ಟಿತು? ಕೆಲವು ಹೋಂಡಾ ಸೆಟ್ಟುಗಳಿಗೆ ಬ್ಯಾಟರಿ ಕಳಚಿ ಹಾಕಿದರೆ ಮತ್ತೆ ಕೋಡ್ ಒತ್ತಬೇಕು. ಅದು ಸೆಟ್ಟಿನದೇ ಬೀಗ, ಕದ್ದವನಿಗೆ ಉಪಯೋಗಕ್ಕೆ ಬರಬಾರದು ಅಂತ. ಕೋಡ್ ಗೊತ್ತಿಲ್ಲದಿದ್ದರೆ ಹಾಡು ನಿಲ್ಲುತ್ತೆ, ಗಾಡಿ ನಿಲ್ಲಲ್ಲ. ಜನ ಎರಡನ್ನೂ ಕಲಸಿಬಿಟ್ಟರು.

ಆದರೆ ಸೆಟ್ ಹಾಕಿಸಿಕೊಂಡು ಬಂದ ಮೇಲೆ ಗಾಡಿ ಸ್ಟಾರ್ಟ್ ಆಗದೆ ನಿಂತಿದ್ದು ನಾನೂ ಬೇಕಾದಷ್ಟು ಕಂಡಿದ್ದೀನಿ. ಸ್ಟೀರಿಯೋ, ಇಮೊಬಿಲೈಜರ್ ಎರಡೂ ಒಂದೇ ಮೀಟರಿನ ಮೇಲಿರೋ ಎರಡು ಬಾಡಿಗೆ ಮನೆ ಇದ್ದ ಹಾಗೆ. ಒಲೆ ಬೇರೆ, ಬೀಗ ಬೇರೆ, ಆದರೆ ಫ್ಯೂಸ್ ಹೋದರೆ ಕತ್ತಲು ಇಬ್ಬರಿಗೂ. ತಂಟೆ ಮಾಡೋದು ಆ ಕರೆಂಟು.

ಹೊಸ ಸೆಟ್ಟಿಗೆ ಎರಡು ಕರೆಂಟ್ ವೈರ್ ಬೇಕು. ಹಳದಿಯಲ್ಲಿ ಯಾವಾಗಲೂ ಕರೆಂಟ್ ಇರಬೇಕು, ಸೆಟ್ಟಿನ ನೆನಪಿಗೆ. ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ಥ್. ಅವಸರದ ಹುಡುಗನಿಗೆ ಕೀ ಮೇಲೆ ಬರೋ ಲೈನು ಬೇಗ ಸಿಗದಿದ್ದರೆ ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿ ಟೇಪ್ ಸುತ್ತಿಬಿಡ್ತಾನೆ. ಹಾಡು ಬರುತ್ತೆ, ನೀನು ದುಡ್ಡು ಕೊಟ್ಟು ಬರ್ತೀಯ. ಕೀ ತೆಗೆದ ಮೇಲೂ ಸೆಟ್ ಒಳಗೊಳಗೇ ಎಚ್ಚರವಾಗಿರುತ್ತೆ. ಅದು 1 ಆಂಪಿಯರ್ ಎಳೆದರೂ ಸಾಕು, ನಿನ್ನ ಗಾಡಿಯ 35 ಆಂಪಿಯರ್-ಅವರ್ ಬ್ಯಾಟರಿ ಒಂದೂವರೆ ದಿನದಲ್ಲಿ ಖಾಲಿ. ನಮ್ಮ ಏರಿಯಾದಲ್ಲಿ ಗಾಡಿ ದಿನಾ ತೆಗೆಯೋರು ಕಡಿಮೆ. ರಂಜಾನ್ ತಿಂಗಳಲ್ಲಂತೂ ಸಂಜೆಯಾದರೆ ಮಾಸ್ಕ್ ರೋಡ್ ಕಡೆ ಕಾರು ತಿರುಗಿಸೋ ಹಾಗೇ ಇಲ್ಲ, ನಿಂತಿದ್ದು ನಿಂತೇ ಇರುತ್ತೆ. ಮೂರನೇ ದಿನ ಕೀ ತಿರುಗಿಸಿದರೆ ಕಟ ಕಟ ಅನ್ನುತ್ತೆ, ಮೀಟರಿನ ದೀಪಗಳೆಲ್ಲ ಕುಣೀತವೆ. ಆಗ ಯಾರೋ ಬಂದು “ಚಿಪ್ ಹೋಗಿದೆ” ಅಂತಾರೆ. ಹೋಗಿರೋದು ಬ್ಯಾಟರಿ. ಹೊಸ ಚಿಪ್ ಕೀಗೆ ಸಾವಿರಗಟ್ಟಲೆ ಸುರಿಯೋಕೆ ಮುಂಚೆ ಮಲ್ಟಿಮೀಟರ್ ಇಟ್ಟು ನೋಡು. ರಾತ್ರಿಯೆಲ್ಲ ನಿಂತ ಗಾಡಿಯ ಒಳ್ಳೇ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸಬೇಕು.

ಇದಕ್ಕಿರೋ ಮದ್ದು ಕಪ್ಲರ್. ಸುಜುಕಿ ಗಾಡಿಗೆ ಅಂತಲೇ ರೆಡಿಮೇಡ್ ಹಾರ್ನೆಸ್ ಸಿಗುತ್ತೆ, ಒಂದು ತುದಿ ಕಂಪನಿ ಪ್ಲಗ್ಗಿಗೆ ಕೂತುಕೊಳ್ಳುತ್ತೆ, ಇನ್ನೊಂದು ಹೊಸ ಸೆಟ್ಟಿಗೆ. ಜೆ.ಸಿ. ರಸ್ತೆಗೆ ಹೋಗು ಬೇಕಾದರೆ, ಇಲ್ಲೇ ಶಿವಾಜಿನಗರದ ಕಡೆ ಮಾಡಿಸು ಬೇಕಾದರೆ, ಅಂಗಡಿಯವರಿಗೆ ಮೊದಲ ಮಾತೇ “ಅಣ್ಣಾ, ಕಂಪನಿ ವೈರ್ ಒಂದೂ ಕಟ್ ಮಾಡಬಾರದು” ಅನ್ನು. “ಕಪ್ಲರ್ ಸ್ಟಾಕ್ ಇಲ್ಲ, ಕಟ್ ಮಾಡಿ ಜಾಯಿಂಟ್ ಕೊಡ್ತೀನಿ, ಏನೂ ಆಗಲ್ಲ” ಅಂದರೆ ನಮಸ್ಕಾರ ಹೇಳಿ ಗಾಡಿ ತಿರುಗಿಸು. ನಿನ್ನ ಸ್ವಿಫ್ಟಿನ ಸೆಟ್ ಡ್ಯಾಶ್‌ಬೋರ್ಡಿನ ಆಕಾರಕ್ಕೇ ಅಚ್ಚು ಹೊಯ್ದದ್ದು, ಅದು ಹೋದ ಜಾಗಕ್ಕೆ ಫ್ರೇಮ್ ಬೇರೆ ಬೇಕು. ಆ ಗಾಡಿಯದೇ ಫ್ರೇಮ್ ಕೇಳಿ ತಗೋ, ಇಲ್ಲದಿದ್ದರೆ ಗುಂಡಿ ಬಿದ್ದ ಕಡೆಯೆಲ್ಲ ಟಕಟಕ ಸದ್ದು ಕೇಳಬೇಕಾಗುತ್ತೆ.

ಕೆಲಸ ಶುರು ಮಾಡೋಕೆ ಮುಂಚೆ ಎರಡೂ ಕೀಯಲ್ಲಿ ಒಂದೊಂದು ಸಲ ಗಾಡಿ ಸ್ಟಾರ್ಟ್ ಮಾಡಿ ನೋಡು, ಅಂಗಡಿಯವನ ಎದುರಿಗೇ. ಸೆಕೆಂಡ್ ಹ್ಯಾಂಡ್ ಗಾಡಿಯ ಎರಡನೇ ಕೀ ಎಷ್ಟೋ ಸಲ ಚಿಪ್ ಇಲ್ಲದ ಬರೀ ಡೂಪ್ಲಿಕೇಟ್ ಆಗಿರುತ್ತೆ. ಬಾಗಿಲು ತೆಗೆಯುತ್ತೆ, ಇಂಜಿನ್ ಹತ್ತಿಸಲ್ಲ. ಆಮೇಲೆ ಗೊತ್ತಾದರೆ ಜಗಳ ಸೆಟ್ ಹಾಕಿದವನ ಮೇಲೆ! ಇನ್ನೊಂದು ಗಾಡಿಯ ಚಿಪ್ ಕೀಯನ್ನು ಅದೇ ಗೊಂಚಲಲ್ಲಿ ಹಾಕಬೇಡ, ಎರಡು ಚಿಪ್ಪು ಒಟ್ಟಿಗೆ ಉತ್ತರ ಕೊಟ್ಟರೆ ಆ ಬಳೆಗೆ ಗೊಂದಲ.

ಬ್ಯಾಟರಿಯ ಮೈನಸ್ ಕಳಚಿಸಿ ಸ್ವಲ್ಪ ಹೊತ್ತು ಬಿಟ್ಟೇ ಡ್ಯಾಶ್‌ಬೋರ್ಡಿಗೆ ಕೈ ಹಾಕಲಿ, ಏರ್‌ಬ್ಯಾಗ್ ಇದ್ದರಂತೂ ಕಡ್ಡಾಯ. ಹಳದಿ ಕೊಳವೆಯೊಳಗೆ ಹೋಗಿರೋ ವೈರ್ ಕಂಡರೆ ಅದು ಏರ್‌ಬ್ಯಾಗಿನದು, ಸೆಟ್ಟಿನ ಹಳದಿ ಅಂದುಕೊಂಡು ಯಾರೂ ಮುಟ್ಟಬಾರದು. ಸೂಜಿ ಚುಚ್ಚಿ ನೋಡೋ ಬಲ್ಬ್ ಟೆಸ್ಟರನ್ನು ಸ್ಟೀರಿಂಗ್ ಕೆಳಗಿನ ವೈರಿಗೆ ಚುಚ್ಚೋಕೆ ಬಿಡಬೇಡ. ಅಂಬಾಸಿಡರ್ ಕಾಲಕ್ಕೆ ಅದು ನಡೀತಿತ್ತು, ಕಂಪ್ಯೂಟರ್ ಇರೋ ಗಾಡಿಗಲ್ಲ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಲ್ಲ. ಹಿಂದಿನ ಮಾಲೀಕ ಹೊರಗಡೆ ಅಲಾರಂ, ಸೆಂಟರ್ ಲಾಕ್ ಹಾಕಿಸಿದ್ದರೆ ಅದರ ಕಪ್ಪು ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಹಿಂದೆ ಎಲ್ಲೋ ಕಟ್ಟಿರ್ತಾರೆ. ಅಂಥ ಕೆಲವು ಅಲಾರಂಗಳು ಇಗ್ನಿಷನ್ ವೈರನ್ನೇ ಮಧ್ಯೆ ಕತ್ತರಿಸಿ ಒಂದು ರಿಲೇ ಕೂರಿಸಿಕೊಂಡಿರ್ತವೆ. ಅದೂ ಒಂದು ಇಮೊಬಿಲೈಜರೇ, ಕಂಪನಿಯದಲ್ಲ ಅಷ್ಟೇ. ಸೆಟ್ ಎಳೆಯೋವಾಗ ಅದರ ಜಾಯಿಂಟ್ ಸಡಿಲವಾದರೆ ಗಾಡಿ ಸಿಗ್ನಲ್ಲಿನಲ್ಲಿ ಆಫ್ ಆಗಬಹುದು. ಬಿಚ್ಚಿದಾಗ ಇಣುಕಿ ನೋಡು, ಟೇಪ್ ಸುತ್ತಿದ ಗಂಟು ಕಂಡರೆ ಫೋಟೋ ತಗೊಂಡು ಇಟ್ಟುಕೋ.

ನಿಮ್ಮಕ್ಕ ತನ್ನ ವೆನ್ಯೂಗೂ ಇಂಥದ್ದೇ ಸೆಟ್ ಹಾಕಿಸೋಣ ಅಂದರೆ ಮಾತ್ರ ಬೇಡ ಅನ್ನು. 2019ರಲ್ಲಿ ಬಂದ ಆ ಗಾಡಿಯ, ಫೋನಿಗೆ ಕೊಂಡಿ ಹಾಕೋ ಬ್ಲೂಲಿಂಕ್ ಇರೋ ಮಾಡೆಲ್ಲುಗಳಲ್ಲಿ, ಗಾಡಿ ಕಳುವಾದರೆ ದೂರದಿಂದಲೇ ಇಂಜಿನ್ ತಡೆಯೋ ಸೌಲಭ್ಯವೂ ಸೇರಿದೆ. ಅಂಥ ಗಾಡಿಯ ಸ್ಕ್ರೀನು ಬರೀ ಹಾಡಿನ ಪೆಟ್ಟಿಗೆಯಲ್ಲ. ಧ್ವನಿ ಚೆನ್ನಾಗಿಲ್ಲ ಅನ್ನೋದೇ ದೂರಾದರೆ ಬಾಗಿಲಿನ ಸ್ಪೀಕರ್ ಬದಲಾಯಿಸಲಿ. ನನ್ನ ಕೇಳಿದರೆ ನಿನ್ನ ಗಾಡಿಗೂ ಮೊದಲು ಅದೇ ಸಾಕಿತ್ತು. ಆದರೆ ನಿನಗೆ ಸ್ಕ್ರೀನ್ ಬೇಕು, ವಯಸ್ಸು ಅಂಥದ್ದು.

ದುಡ್ಡು ಕೊಡೋಕೆ ಮುಂಚೆ ಎಫ್.ಎಂ. ಹಾಕಿ 101.3ಕ್ಕೆ ತಿರುಗಿಸು. ಅಲ್ಲಿ ಬರೋ ಕಾಮನಬಿಲ್ಲು ಚಾನೆಲ್ ಕೊರಕೊರ ಅಂದರೆ ಆಂಟೆನಾಗೆ ಕರೆಂಟ್ ಕೊಡೋ ನೀಲಿ ವೈರ್ ಸೇರಿಸಿಲ್ಲ ಅಂತ ಅನುಮಾನ ಪಡು, ಅದು ಐದು ನಿಮಿಷದ ಕೆಲಸ. ಕೀ ತೆಗೆದು ಬಾಗಿಲು ಹಾಕು, ಸ್ಕ್ರೀನ್ ಪೂರ್ತಿ ಆರಬೇಕು. ಹಾರನ್, ಇಂಡಿಕೇಟರ್, ಮತ್ತೆ ಎರಡೂ ಕೀ ನೋಡಿಕೋ.

“ಹಳೇ ಸೆಟ್ ಬಿಟ್ಟು ಹೋಗಿ ಸಾರ್, ಬಿಲ್ಲಿನಲ್ಲಿ ಐನೂರು ಕಡಿಮೆ ಮಾಡ್ತೀನಿ” ಅಂತಾರೆ. ಕೊಡಬೇಡ. ವೈರ್ ಕಟ್ ಆಗದಿದ್ದರೆ ನಾಳೆ ಗಾಡಿ ಮಾರೋವಾಗ ಅದೇ ಸೆಟ್ ವಾಪಸ್ ಹಾಕಿ, ಹೊಸದನ್ನು ನೀನೇ ಇಟ್ಟುಕೋಬಹುದು. ಮನೇಲಿ ಜಾಗ ಇಲ್ಲ ಅಂತ ನಿಮ್ಮಮ್ಮ ಗೊಣಗಿದರೆ ನಮ್ಮನೆ ಅಟ್ಟಕ್ಕೆ ತಂದು ಹಾಕು, ಸ್ಕ್ರೂಗಳನ್ನೂ ಒಂದು ಕವರಿನಲ್ಲಿ ಕಟ್ಟಿ.