ಕನ್ನಡಿ ಮುಂದಿನ ತಮಾಷೆ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ತಮ್ಮ ಬಣ್ಣ, ಮೂಗು, ಹೊಟ್ಟೆ, ಎತ್ತರ, ಬೋಳುತಲೆ ಹಿಡಿದುಕೊಂಡು ತಮ್ಮನ್ನೇ ಗೇಲಿ ಮಾಡಿಕೊಳ್ಳುವ ಎಲ್ಲರಿಗೆ. ಮುಖ್ಯವಾಗಿ ಮಕ್ಕಳಿರುವ ಮನೆಯ ಹಿರಿಯರಿಗೆ, ತರಗತಿಯ ಮೇಷ್ಟ್ರುಗಳಿಗೆ, ವಾರ್ಷಿಕೋತ್ಸವದಲ್ಲಿ ಮೈಕ್ ಹಿಡಿಯುವವರಿಗೆ.

ಏಕೆ: ತನ್ನನ್ನು ನೋಡಿ ತಾನೇ ನಗುವುದು ದೊಡ್ಡ ಗುಣ. ಹಮ್ಮು ಇಳಿಯುತ್ತದೆ, ಸಭೆ ಹಗುರಾಗುತ್ತದೆ. ಆದರೆ ನಿಮ್ಮ ಮೂಗು ನಿಮ್ಮ ಮಗಳ ಮುಖದಲ್ಲೂ ಇದೆ, ನಿಮ್ಮ ಬಣ್ಣ ಎದುರು ಕುಳಿತ ಹತ್ತು ಜನರಿಗೂ ಇದೆ. ನೀವು ಅಂದುಕೊಂಡದ್ದು ನಿಮಗೇ ಆದರೂ ಏಟು ಬೀಳುವುದು ಅವರಿಗೆ. ಕೆಳಗಿನ ಸೂಚನೆಗಳೆಲ್ಲ ಈ ಒಂದು ಕಾರಣಕ್ಕೆ.

ಮಾಡಬೇಕಾದ್ದು

1. ಮಾತು ಆಡುವ ಮುನ್ನ ಸುತ್ತ ಕಣ್ಣಾಡಿಸಿ. ಅದೇ ಮೈಕಟ್ಟಿನವರು, ಚಿಕಿತ್ಸೆಯಿಂದ ಕೂದಲು ಕಳೆದುಕೊಂಡವರು, ತೊನ್ನು ಇರುವವರು, ಹದಿಹರೆಯದ ಮಕ್ಕಳು ಇದ್ದರೆ ಬೇರೆ ತಮಾಷೆ ಹುಡುಕಿ.

2. ಮುಖವನ್ನು ಬಿಟ್ಟು ಜಂಬವನ್ನು ಹಿಡಿಯಿರಿ. ಬಳಿದ ಹೇರ್ ಡೈ ಕಾಲರಿಗೆ ಇಳಿದದ್ದು, ಮದುವೆ ಕಾಲದ ಸೂಟು ಈಗಲೂ ಹಿಡಿಸುತ್ತದೆಂಬ ಹಟ, ಗ್ರೂಪ್ ಫೋಟೊ ಕೈಗೆ ಬಂದೊಡನೆ ಮೊದಲು ತನ್ನನ್ನೇ ಹುಡುಕುವ ಚಟ: ಇವನ್ನು ನೋಡಿ ಎಷ್ಟು ಬೇಕಾದರೂ ನಗಿ. ಇವು ನಾವು ಮಾಡಿಕೊಂಡದ್ದು. ಮೂಗು ಮಾಡಿಕೊಂಡದ್ದಲ್ಲ.

3. ರೂಪವನ್ನೇ ಹೇಳಲೇಬೇಕಿದ್ದರೆ ಚಿತ್ರನಟ ದ್ವಾರಕೀಶರಿಂದ ಕಲಿಯಿರಿ. ಕುಳ್ಳ ಅನ್ನುವುದನ್ನು ಅವರು ತಾವೇ ಎತ್ತಿಕೊಂಡರು. 1972ರಲ್ಲಿ 'ಕುಳ್ಳ ಏಜೆಂಟ್ 000', 1978ರಲ್ಲಿ 'ಸಿಂಗಾಪೂರ್‌ನಲ್ಲಿ ರಾಜಾ ಕುಳ್ಳ'. ಆ ಹೆಸರುಗಳನ್ನು ಗಮನಿಸಿ: ಕುಳ್ಳ ಒಂದರಲ್ಲಿ ಗೂಢಚಾರ, ಇನ್ನೊಂದರಲ್ಲಿ ರಾಜನ ಜೋಡಿ. ನಗು ಬಂತು, ಕುಳ್ಳನ ಮರ್ಯಾದೆ ಹೋಗಲಿಲ್ಲ. ನಿಮ್ಮ ತಮಾಷೆಗೂ ಇದೇ ಅಳತೆ ಇರಲಿ.

4. ಫೋಟೊ ನೋಡಿ ಯಾರಾದರೂ "ಥೂ, ನಾನು ಇಷ್ಟು ಕೆಟ್ಟದಾಗಿದ್ದೀನಾ" ಅಂದರೆ ಕಾರಣ ತಿಳಿಸಿ. ಕನ್ನಡಿ ಎಡಬಲ ಅದಲುಬದಲು ತೋರಿಸುತ್ತದೆ. ದಿನಾ ಆ ಮುಖವನ್ನೇ ನೋಡಿ ರೂಢಿಯಾದವರಿಗೆ ಫೋಟೊದ ಮುಖ ಅಪರಿಚಿತ ಅನಿಸುತ್ತದೆ. 1977ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಪರೀಕ್ಷಿಸಿದಾಗ ಹೆಚ್ಚಿನವರು ತಮ್ಮ ಕನ್ನಡಿ ಮುಖವನ್ನೇ ಮೆಚ್ಚಿದರು. ಅವರ ಆಪ್ತರು ಮೆಚ್ಚಿದ್ದು ನಿಜ ಮುಖವನ್ನು. ಸೆಲ್ಫಿಯ ಕತೆಯೂ ಇಷ್ಟೇ. ಒಂದು ಅಡಿ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, ಐದು ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು ಶೇ 30ರಷ್ಟು ಅಗಲ ಕಾಣುತ್ತದೆಂದು 2018ರ ಒಂದು ಲೆಕ್ಕಾಚಾರ ತೋರಿಸಿತು. ತಪ್ಪು ಮೂಗಿನದಲ್ಲ, ದೂರದ್ದು.

ಮಾಡಬಾರದ್ದು

1. ಬಣ್ಣದ ತಮಾಷೆ ಬೇಡವೇ ಬೇಡ. ಮದುವೆಗೆ ಹೊರಟ ತಾಯಿ ಕನ್ನಡಿ ಮುಂದೆ ನಿಂತು, "ನನಗೆಷ್ಟು ಪೌಡರ್ ಮೆತ್ತಿದರೂ ಹಂಡೆ ಮಸಿಗೆ ಸುಣ್ಣ ಬಳಿದ ಹಾಗೆ" ಅಂತ ನಗುತ್ತಾಳೆ. ಜಡೆ ಹಾಕಿಸಿಕೊಳ್ಳಲು ಪಕ್ಕದಲ್ಲಿ ನಿಂತ ಮಗಳದೂ ಅದೇ ಬಣ್ಣ. ಅವಳು ಅಮ್ಮನ ಕೈಯನ್ನು ನೋಡುತ್ತಾಳೆ, ತನ್ನ ಕೈಯನ್ನು ನೋಡಿಕೊಳ್ಳುತ್ತಾಳೆ. ಇಂಥ ಮಕ್ಕಳೇ ಮುಂದೆ ಬಿಳಿಯಾಗಿಸುವ ಟ್ಯೂಬ್ ಹುಡುಕಿಕೊಂಡು ಔಷಧಿ ಅಂಗಡಿಗೆ ಹೋಗುವುದು. ಅಂಥ ಟ್ಯೂಬುಗಳಲ್ಲಿ ಹಲವು ಸ್ಟೀರಾಯ್ಡ್ ಕ್ರೀಮು; ಅದನ್ನು ಮುಖಕ್ಕೆ ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪಾಗುತ್ತದೆ, ಮೊಡವೆ ಏಳುತ್ತದೆ. ಅದಕ್ಕೇ 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಮಾಡಿತು.

2. ಹೊಗಳಿಕೆ ಗಿಟ್ಟಿಸಲು ತೆಗಳಿಕೊಳ್ಳಬೇಡಿ. "ನಾನೆಲ್ಲಿ ಚೆಂದ ಬಿಡಿ" ಅಂದು ಎದುರಿನವರ ಬಾಯಿಂದ "ಛೆ, ಹಾಗೇನಿಲ್ಲ" ಎಂದು ಹೇಳಿಸುವುದು ಅವರಿಗೆ ಹಿಂಸೆ. ಸೀರೆ ಹೇಗಿದೆ ಎಂದು ಕೇಳಬೇಕಿದ್ದರೆ ನೇರವಾಗಿ ಕೇಳಿ.

3. ನಿಮ್ಮಿಂದ ಶುರುಮಾಡಿ ಪಕ್ಕದವರಿಗೆ ದಾಟಿಸಬೇಡಿ. "ನನ್ನದೂ ಬೋಳು, ನಮ್ಮ ಅಧ್ಯಕ್ಷರದೂ ಬೋಳು" ಅಂದ ಕೂಡಲೇ ಅದು ಸ್ವಂತ ತಮಾಷೆಯಾಗಿ ಉಳಿಯುವುದಿಲ್ಲ. ಅವರ ಅಪ್ಪಣೆ ನಿಮಗಿಲ್ಲ.

4. ಬೇರೆಯವರು ತಮ್ಮ ಮೇಲೆ ಮಾಡಿಕೊಂಡ ತಮಾಷೆಗೆ ನೀವು ಒಗ್ಗರಣೆ ಹಾಕಬೇಡಿ. ಅವರು ನಕ್ಕರೆ ಜತೆಗೆ ನಕ್ಕು ಸುಮ್ಮನಾಗಿ.

5. ಕನ್ನಡಿ ನೋಡುವುದನ್ನೇ ಅಪರಾಧ ಮಾಡಬೇಡಿ. "ನಾನು ನಿಂತರೆ ಕನ್ನಡಿ ಒಡೆಯುತ್ತೆ" ಎಂದು ಹೇಳಿಕೊಳ್ಳುವವರೇ "ಎಷ್ಟು ಹೊತ್ತು ನೋಡ್ಕೋತೀಯ" ಎಂದು ಮಕ್ಕಳನ್ನೂ ಗದರುತ್ತಾರೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ದೇಗುಲದಲ್ಲಿ ಕನ್ನಡಿ ಹಿಡಿದು ತನ್ನನ್ನು ನೋಡಿಕೊಳ್ಳುವ ದರ್ಪಣ ಸುಂದರಿಯನ್ನು ಶಿಲ್ಪಿಗಳು ಅಷ್ಟು ಅಕ್ಕರೆಯಿಂದ ಕೆತ್ತಿದ್ದಾರೆ. ತನ್ನ ರೂಪವನ್ನು ನೋಡಿ ಖುಷಿಪಡುವುದಕ್ಕೆ ಯಾರೂ ನಾಚಬೇಕಿಲ್ಲ.

ಈಗಾಗಲೇ ಆಡಿಬಿಟ್ಟಿದ್ದರೆ

ಮಗು ನಿಮ್ಮದೇ ತಮಾಷೆಯನ್ನು ತನ್ನ ಮುಖದ ಮೇಲೆ ಆಡಿಕೊಂಡಿತೆಂದರೆ ನಗಬೇಡಿ. ಕೆಲಸ ಬಿಟ್ಟು ಕೂತುಕೊಳ್ಳಿ. "ಆ ಮಾತು ನಾನು ಆಡಬಾರದಿತ್ತು, ನೀನೂ ಆಡಬೇಡ" ಎಂದು ಅವತ್ತೇ ಸ್ಪಷ್ಟವಾಗಿ ಹೇಳಿ. ಆಮೇಲೆ ಮನೆಯಲ್ಲಿ ಆ ತಮಾಷೆ ಮತ್ತೆ ಕೇಳಬಾರದು, ನಿಮ್ಮ ಬಾಯಿಂದಲೂ.