ಅಡುಗೆಮನೆಯ ವ್ಯವಸ್ಥೆ: ದಂಪತಿಗಳ ಕೂಡುಹೊಣೆ

ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವುದು ಮಾತ್ರವಲ್ಲ. ಹುಟ್ಟಿದ ಮಗುವು ಆರೋಗ್ಯದಿಂದ ಬೆಳೆಯುವಂತೆಯೂ ಹೆತ್ತ ತಾಯಿಯು ದಣಿದು ಕುಗ್ಗದಂತೆಯೂ ನೋಡಿಕೊಳ್ಳುವುದು ಅದರ ತಿರುಳು. ಈ ಕಾರ್ಯವು ಆಸ್ಪತ್ರೆಗಿಂತ ಮೊದಲು ಅಡುಗೆಮನೆಯಲ್ಲಿ ಆರಂಭವಾಗುತ್ತದೆ.

ಕಟಪಾಡಿಯ ಸಮೀಪದ ಕಡಲತಡಿಯ ಮಟ್ಟು ಗ್ರಾಮವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಶ್ರೀ ವಾದಿರಾಜಸ್ವಾಮಿಗಳು ಬೀಜವಿತ್ತರೆಂಬ ಪ್ರತೀತಿಯುಳ್ಳ ಗುಳ್ಳದಿಂದ ಈ ಊರು ಹೆಸರಾಗಿದೆ. 2011ರಲ್ಲಿ ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಗುಳ್ಳದ ಸಾಲುಗಳ ಅಂತರ, ನೀರು, ಗೊಬ್ಬರ ಇವುಗಳನ್ನು ಕುರಿತು ಕೃಷಿಕ ದಂಪತಿಗಳು ಕೂಡಿ ಯೋಚಿಸುತ್ತಾರೆ. ಆದರೆ ಗದ್ದೆಯಿಂದ ಮರಳಿದ ಮೇಲೆ ಒಲೆಯ ಮುಂದೆ ಕೂರುವವಳು ಬಹುತೇಕ ಪತ್ನಿಯೊಬ್ಬಳೇ. ಗದ್ದೆಗೆ ಕೊಡುವ ಯೋಚನೆಯನ್ನು ಇಬ್ಬರೂ ಅಡುಗೆಮನೆಗೂ ಕೊಡಬೇಕೆಂಬುದೇ ಈ ಪಾಠದ ಉದ್ದೇಶ.

1. ಹೊಗೆಯ ನಿವಾರಣೆ

ಮನೆಗೆ ಅಡುಗೆ ಅನಿಲ ಬಂದಿದ್ದರೂ ಕುಚ್ಚಲಕ್ಕಿ ಅನ್ನಕ್ಕೂ ಸ್ನಾನದ ನೀರಿಗೂ ಕಟ್ಟಿಗೆಯ ಒಲೆಯನ್ನು ಉರಿಸುವ ರೂಢಿ ಅನೇಕ ಮನೆಗಳಲ್ಲಿದೆ. ತೆಂಗಿನ ಮಡಲು, ಸಿಪ್ಪೆ, ಗೆರಟೆಗಳೇ ಉರುವಲು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮಳೆಗಾಲದಲ್ಲಿ ಹಸಿ ಉರುವಲು ಉರಿಯುವುದಕ್ಕಿಂತ ಹೆಚ್ಚಾಗಿ ಹೊಗೆಯುತ್ತದೆ. ಈ ಹೊಗೆಯಿಂದ ಐದು ವರ್ಷದೊಳಗಿನ ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಬಹುಕಾಲದ ಶ್ವಾಸರೋಗ ಬರುವ ಸಂಭವ ಹೆಚ್ಚುತ್ತದೆ. ಗರ್ಭಿಣಿಯು ನಿತ್ಯವೂ ಹೊಗೆ ಸೇವಿಸಿದರೆ ಕಡಿಮೆ ತೂಕದ ಮಗು ಜನಿಸುವ ಅಪಾಯವುಂಟು.

ಆದುದರಿಂದ ಶಕ್ಯವಿದ್ದಷ್ಟು ಅಡುಗೆಯನ್ನು ಅನಿಲದಲ್ಲಿಯೇ ಮಾಡತಕ್ಕದ್ದು. ಕಟ್ಟಿಗೆಯ ಒಲೆ ಅನಿವಾರ್ಯವಾದರೆ ಅದಕ್ಕೆ ಮಾಡಿನಿಂದ ಮೇಲಕ್ಕೆ ಚಾಚಿದ ಹೊಗೆಕೊಳವೆ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯ ತತ್ತ್ವ ಇದೇ: ಕಡಿಮೆ ಕಟ್ಟಿಗೆಯಲ್ಲಿ ಹೆಚ್ಚು ಕಾವು, ಹೊಗೆ ಮನೆಯ ಹೊರಗೆ. ಮುಂದಿನ ಮಳೆಗಾಲದ ಉರುವಲನ್ನು ಬೇಸಿಗೆಯಲ್ಲಿಯೇ ಒಣಗಿಸಿ ಮಾಡಿನಡಿ ಒಟ್ಟಿಡುವುದು ಗೃಹಸ್ಥನ ಕೆಲಸವಾಗಲಿ. ಕುಚ್ಚಲಕ್ಕಿಯನ್ನು ಕೆಲವು ತಾಸು ಮೊದಲೇ ನೆನೆಹಾಕಿದರೆ ಬೇಯುವ ಕಾಲ ಕಡಿಮೆಯಾಗುತ್ತದೆ. ಒಲೆ ಉರಿಯುವಾಗ ಹಸುಗೂಸಿನ ತೊಟ್ಟಿಲು ಬೇರೆ ಕೋಣೆಯಲ್ಲಿರಬೇಕು.

2. ಸ್ಥಳ ಮತ್ತು ಸಾಮಗ್ರಿ

ಸಾಮಗ್ರಿ ಇಡುವ ಕಪಾಟು, ತೊಳೆಯುವ ಸ್ಥಳ, ಒಲೆ ಇವು ಮೂರೂ ಒಂದಕ್ಕೊಂದು ಹತ್ತಿರವಿದ್ದರೆ ನಡಿಗೆಯ ದಣಿವು ತಗ್ಗುತ್ತದೆ. ಕೆಲಸದ ಕಟ್ಟೆಯು ಅಡುಗೆ ಮಾಡುವವರ ಮೊಣಕೈಗಿಂತ ಸುಮಾರು 4 ಇಂಚು ಕೆಳಗಿದ್ದರೆ ಬೆನ್ನುನೋವು ಬಾರದು. ಕಟ್ಟೆ ಕಟ್ಟಿಸುವ ಮೊದಲು ಮೇಸ್ತ್ರಿಯು ಗೃಹಿಣಿಯ ಎತ್ತರವನ್ನು ಅಳೆಯಲಿ. ನಿತ್ಯ ಬಳಸುವ ಪಾತ್ರೆಗಳು ಕೈಗೆಟಕುವಲ್ಲಿ ಇರಲಿ. ವರ್ಷಕ್ಕೊಮ್ಮೆ ಬೇಕಾಗುವ ಕಡಾಯಿಯನ್ನು ಅಟ್ಟದಲ್ಲಿಡಿರಿ.

ಅನಿಲದ ಜಾಡಿ ನೆಟ್ಟಗೆ ನಿಂತಿರಬೇಕು. ಒಲೆಯು ಅದಕ್ಕಿಂತ ಎತ್ತರದಲ್ಲಿರಬೇಕು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದರೆ ನೆಲದ ಮೇಲೆ ಹರಡುತ್ತದೆ. ಆದ್ದರಿಂದ ಕಿಟಕಿಯ ಜೊತೆಗೆ ಗೋಡೆಯ ಬುಡದಲ್ಲಿಯೂ ಗಾಳಿಗಂಡಿ ಅಗತ್ಯ. ವಾಸನೆ ಬಂದರೆ ವಿದ್ಯುತ್ ಗುಂಡಿಯನ್ನು ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಎಲ್ಲರೂ ಹೊರಬರಬೇಕು.

3. ನೀರು

ಕಡಲಿನ ಸನಿಹದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಉಪ್ಪಾಗುವುದುಂಟು. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಉಪ್ಪು ಹೋಗದು. ಅಂತಹ ಕಾಲದಲ್ಲಿ ಕುಡಿಯಲು ಸಿಹಿನೀರನ್ನು ಬೇರೆಯಾಗಿ ತರಬೇಕು. ಗರ್ಭಿಣಿಗೆ ತುಂಬಿದ ಕೊಡವನ್ನು ಹೊರಿಸಬಾರದು. ಇದು ಪತಿಯ ಹೊಣೆ. ಕುದಿಸಿ ಆರಿಸಿದ ನೀರನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಪಾತ್ರೆ ತೊಳೆದ ನೀರನ್ನು ನಿಲ್ಲಗೊಡದೆ ಬಸಳೆ ಚಪ್ಪರದ ಬುಡಕ್ಕೆ ಹಾಯಿಸಿದರೆ ಸೊಳ್ಳೆಯೂ ಇಲ್ಲ, ಪಲ್ಯಕ್ಕೂ ಕೊರತೆಯಿಲ್ಲ.

4. ದಾಸ್ತಾನು

ಅಕ್ಕಿ, ಬೇಳೆ, ಒಣಮೆಣಸುಗಳನ್ನು ಬಿಸಿಲಿಗಿಟ್ಟು, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ನೆಲದಿಂದ ಮೇಲೆ ಹಲಗೆಯ ಮೇಲಿಡಬೇಕು. ಬೂಷ್ಟು ಹಿಡಿದ ನೆಲಗಡಲೆ, ಕೊಬ್ಬರಿಗಳನ್ನು ತೊಳೆದೂ ತಿನ್ನಬಾರದು. ಅದರ ವಿಷವು ಯಕೃತ್ತಿಗೆ ಕೇಡು. ಅಯೋಡಿನ್‌ಯುಕ್ತ ಉಪ್ಪನ್ನು ಒಲೆಯಿಂದ ದೂರ, ಮುಚ್ಚಿದ ಭರಣಿಯಲ್ಲಿಡಿರಿ.

ಅತಿ ಮುಖ್ಯವಾದುದು ಇನ್ನೊಂದಿದೆ. ಗುಳ್ಳಕ್ಕೆ ಸಿಂಪಡಿಸುವ ಕೀಟನಾಶಕ, ದೋಣಿಗೆ ಬಳಸುವ ಸೀಮೆಎಣ್ಣೆ ಇವು ಅಡುಗೆಮನೆಯ ಒಳಗೆ ಬರಲೇಬಾರದು. ಸೀಮೆಎಣ್ಣೆಯನ್ನು ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ಬಾಯಾರಿದ ಮಗು ಅದನ್ನು ನೀರೆಂದೇ ಕುಡಿಯುತ್ತದೆ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಯತ್ನಿಸದೆ ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಕೀಟನಾಶಕದ ಖಾಲಿ ಡಬ್ಬಿಯನ್ನು ಎಷ್ಟು ತೊಳೆದರೂ ಮನೆಬಳಕೆಗೆ ತರಬಾರದು. ಗದ್ದೆಯಿಂದ ತಂದ ಗುಳ್ಳವನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಹೆಚ್ಚತಕ್ಕದ್ದು.

5. ಶುಚಿತ್ವದ ಕ್ರಮ

ಪ್ರತಿದಿನ: ಅಡುಗೆಗೂ ಊಟಕ್ಕೂ ಮೊದಲು ಸಾಬೂನಿನಿಂದ ಕೈತೊಳೆಯುವುದು; ಮೀನು ಕೊಯ್ದ ಮೆಟ್ಟುಕತ್ತಿಯನ್ನು ತೊಳೆಯದೆ ತರಕಾರಿ ಹೆಚ್ಚದಿರುವುದು; ಬೇಯಿಸಿದ ಪದಾರ್ಥವನ್ನು ಮುಚ್ಚಿಡುವುದು, ಎರಡು ತಾಸು ಮೀರಿ ಹೊರಗೆ ಉಳಿಸದಿರುವುದು; ಒರಸುವ ಬಟ್ಟೆಯನ್ನು ಒಗೆದು ಒಣಗಿಸುವುದು.

ವಾರಕ್ಕೊಮ್ಮೆ: ಡಬ್ಬಿಗಳ ತಪಾಸಣೆ, ಕಡೆಯುವ ಕಲ್ಲಿನ ಸಂದುಗಳ ಶುದ್ಧಿ, ಬಚ್ಚಲು ತೂಬಿನ ಶುದ್ಧಿ.

ಮಳೆಗಾಲಕ್ಕೆ ಮೊದಲು: ಮಾಡಿನ ಹಂಚು ಸರಿಪಡಿಸುವುದು, ಹೊಗೆಕೊಳವೆಯ ಮಸಿ ತೆಗೆಯುವುದು, ಗೋಡೆಗೆ ಸುಣ್ಣ ಬಳಿಯುವುದು, ಅನಿಲದ ಕೊಳವೆಯ ಅವಧಿ ಮುಗಿದಿದ್ದರೆ ಬದಲಿಸುವುದು.

ಮೇಲಿನ ಬಹುಪಾಲು ಕೆಲಸಗಳಿಗೆ ಹಣ ಬೇಡ. ದುಡಿಯುವ ನಾಲ್ಕು ಕೈಗಳು ಸಾಕು. ಬಾಣಂತಿಗೆ ವಿಶ್ರಾಂತಿ ಬೇಕಾದ ದಿನಗಳಲ್ಲಿ ಅನ್ನ ಬೇಯಿಸಲು, ಪಾತ್ರೆ ತೊಳೆಯಲು ಬಲ್ಲ ಪತಿಯಿರುವ ಮನೆಯು ಭಾಗ್ಯವಂತ ಮನೆ.

ದಂಪತಿಗಳು ಕೂಡಿ ಉತ್ತರಿಸಬೇಕಾದ ಪ್ರಶ್ನೆಗಳು

1. ನಮ್ಮ ಒಲೆಯ ಹೊಗೆ ಎಲ್ಲಿಗೆ ಹೋಗುತ್ತದೆ?
2. ಮಗುವಿನ ಕೈಗೆ ಸಿಗುವಂತೆ ವಿಷಪದಾರ್ಥ ಎಲ್ಲಿಯಾದರೂ ಇದೆಯೇ?
3. ಈ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಯಾರು, ಎಲ್ಲಿಂದ ತರುವರು?
4. ಅಡುಗೆಮನೆಯ ಕೆಲಸಗಳಲ್ಲಿ ಪತಿಯು ನಾಳೆಯಿಂದಲೇ ವಹಿಸಿಕೊಳ್ಳಬಹುದಾದ ಎರಡು ಕೆಲಸಗಳು ಯಾವುವು?